ರಾತ್ರಿ ಎರಡು ಗಂಟೆಗೆ ಕೈಗೆ ಸಿಗಬೇಕಾದ ಔಷಧಿ ಡಬ್ಬ

ಪ್ರಶ್ನೆ: ನಮ್ಮ ಮನೆಯಲ್ಲಿ ನಾನು, ನನ್ನ ಗಂಡ, ನಾಲ್ಕು ವರ್ಷದ ಮಗಳು, ಜೊತೆಗೆ ನಮ್ಮ ಅತ್ತೆ ಇದ್ದೇವೆ. ಅತ್ತೆಗೆ 71 ವರ್ಷ. ಬಿಪಿ ಮಾತ್ರೆ ಮತ್ತು ರಕ್ತ ತೆಳುವಾಗುವ ಮಾತ್ರೆ ದಿನಾ ತೆಗೆದುಕೊಳ್ಳುತ್ತಾರೆ. ಹೋದ ವಾರ ನಡುರಾತ್ರಿ ಮಗಳಿಗೆ ಜ್ವರ ಬಂತು. ಬಚ್ಚಲುಮನೆಯ ಕನ್ನಡಿ ಹಿಂದಿನ ಔಷಧಿ ಡಬ್ಬ ತೆಗೆದರೆ ತುಂಬಾ ಔಷಧಿ ಇತ್ತು, ಕೊಡೋಕೆ ಒಂದೂ ಸಿಗಲಿಲ್ಲ. ಯಾವುದು ಹಳೆಯದು, ಯಾವುದು ಯಾತಕ್ಕೆ ಅಂತಾನೇ ಗೊತ್ತಾಗಲಿಲ್ಲ. ಸಣ್ಣಪುಟ್ಟ ಕಾಯಿಲೆಗೆ ಅಂತ ಮನೆಯಲ್ಲಿ ಏನೇನು ಇಟ್ಟುಕೊಂಡಿರಬೇಕು? ಅತ್ತೆಯ ಮಾತ್ರೆಗಳನ್ನೂ ಅದರಲ್ಲೇ ಇಡಬಹುದಾ?

ಉತ್ತರ: 'ತುಂಬಾ ಔಷಧಿ ಇತ್ತು, ಕೊಡೋಕೆ ಒಂದೂ ಸಿಗಲಿಲ್ಲ' ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಮಾತಿನ ಮೇಲೆ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಈ ಮಾತನ್ನು ಬೇರೆ ಬೇರೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೆಚ್ಚಿನ ಮನೆಗಳಲ್ಲಿ ಔಷಧಿಗೆ ಕೊರತೆ ಇರುವುದಿಲ್ಲ. ಜಾಸ್ತಿಯಾಗಿಯೇ ತೊಂದರೆ. ಹೋದ ಸಲದ ಕೆಮ್ಮಿನದು, ಅದರ ಹಿಂದಿನ ವರ್ಷ ಹಲ್ಲುನೋವಿಗೆ ತಂದದ್ದು, ಯಾರೋ ನೆಂಟರು ಬಿಟ್ಟುಹೋದದ್ದು, ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಹಾಗಾಗಿ ಏನು ತರಬೇಕು ಅಂತ ಹೇಳುವ ಮುಂಚೆ ಏನು ತೆಗೆಯಬೇಕು ಅಂತ ಹೇಳುತ್ತೇನೆ.

ನಾಳೆ ಹಗಲು ಹೊತ್ತಿನಲ್ಲಿ, ಮಗಳು ಮಲಗಿರುವಾಗ, ಡಬ್ಬವನ್ನು ಪೂರ್ತಿ ಟೇಬಲ್ ಮೇಲೆ ಸುರಿಯಿರಿ. ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿ. ಹೆಸರು ಓದೋಕೆ ಆಗುತ್ತದಾ? ತಾರೀಖು ಕಾಣುತ್ತದಾ? ಯಾರಿಗೆ, ಯಾತಕ್ಕೆ ತಂದದ್ದು ಅಂತ ಗೊತ್ತಾ? ಮೂರರಲ್ಲಿ ಒಂದಕ್ಕೆ 'ಇಲ್ಲ' ಅಂತ ಬಂದರೂ ಅದು ವಾಪಸ್ ಡಬ್ಬಕ್ಕೆ ಹೋಗಬಾರದು. ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಈ ಡಬ್ಬ ತೆರೆಯುವವರು ಯಾವಾಗಲೂ ಗಾಬರಿಯಲ್ಲಿ ಇರುತ್ತಾರೆ, ಇಲ್ಲವೇ ಅರೆನಿದ್ದೆಯಲ್ಲಿ ಇರುತ್ತಾರೆ. ಆ ಹೊತ್ತಿನಲ್ಲಿ ಊಹೆ ಮಾಡುವ ಕೆಲಸ ಇರಬಾರದು.

ಕತ್ತರಿಸಿದ ಸ್ಟ್ರಿಪ್‌ನ ತುಂಡೊಂದು ನಿಮ್ಮ ಡಬ್ಬದಲ್ಲೂ ಖಂಡಿತ ಇರುತ್ತದೆ. ಅದನ್ನು ತಿರುಗಿಸಿ ನೋಡಿ. ಎರಡು ಬಿಳಿ ಮಾತ್ರೆ, ಹಿಂದೆ ಬೆಳ್ಳಿ ಹಾಳೆ, ಅದರ ಮೇಲೆ ಹೆಸರಿನ ಕೊನೆಯ 'ಒಎಲ್' ಅನ್ನುವ ಎರಡು ಇಂಗ್ಲಿಷ್ ಅಕ್ಷರ ಮಾತ್ರ ಉಳಿದಿವೆ. ಉಳಿದದ್ದು ಕತ್ತರಿಗೆ ಹೋಗಿದೆ. ಜ್ವರದ ಪ್ಯಾರಾಸಿಟಮಾಲ್ ಹೆಸರು ಮುಗಿಯುವುದೂ ಹಾಗೇ, ಬಿಪಿಗೆ ಕೊಡುವ ಅಟೆನೊಲಾಲ್ ಮುಗಿಯುವುದೂ ಹಾಗೇ, ಜೋರು ನೋವಿಗೆ ಕೊಡುವ ಟ್ರಾಮಡಾಲ್ ಮುಗಿಯುವುದೂ ಹಾಗೇ. ಮೂರೂ ಬಿಳಿ ಮಾತ್ರೆಯಾಗಿ ಬರಬಹುದು. ಈ ತುಂಡನ್ನು ನಂಬಿ ಯಾರಿಗೂ ಏನೂ ಕೊಡುವ ಹಾಗಿಲ್ಲ, ಅಲ್ವಾ? ಇನ್ನು ಮುಂದೆ ಸ್ಟ್ರಿಪ್ ಕತ್ತರಿಸಬೇಡಿ. ಮಾತ್ರೆಯನ್ನು ಒತ್ತಿ ತೆಗೆಯಿರಿ. ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಸಾಮಾನ್ಯವಾಗಿ ಒಂದು ತುದಿಯಲ್ಲಿ ಒತ್ತಿರುತ್ತಾರೆ. ಅದರ ಎದುರಿನ ತುದಿಯಿಂದ ಶುರುಮಾಡಿದರೆ ಕೊನೆಯ ಮಾತ್ರೆಯವರೆಗೂ ತಾರೀಖು ಉಳಿಯುತ್ತದೆ.

ಎಕ್ಸ್‌ಪೈರಿಯಲ್ಲಿ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅಂತ ಅರ್ಥ. ಆದರೆ ಆ ತಾರೀಖು ಮುಚ್ಚಳ ತೆರೆಯದ ಔಷಧಿಗೆ ಲೆಕ್ಕ. ಕಣ್ಣಿನ ಡ್ರಾಪ್ಸ್ ತೆರೆದ ಮೇಲೆ ಸಾಮಾನ್ಯವಾಗಿ 28 ದಿನ ಮಾತ್ರ, ಆಮೇಲೆ ಬಾಟಲಿಯಲ್ಲಿ ಎಷ್ಟೇ ಉಳಿದಿದ್ದರೂ ಬಿಸಾಕಬೇಕು. ಪುಡಿಗೆ ನೀರು ಬೆರೆಸಿ ಮಾಡುವ ಮಕ್ಕಳ ಆಂಟಿಬಯಾಟಿಕ್ ಸಿರಪ್ ಒಂದೆರಡು ವಾರದಲ್ಲಿ ಕೆಡುತ್ತದೆ. ಯಾವುದೇ ಬಾಟಲಿ ತೆರೆದ ದಿನವೇ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದುಬಿಡಿ. ಅರ್ಧ ನಿಮಿಷದ ಕೆಲಸ.

ಉಳಿದ ಆಂಟಿಬಯಾಟಿಕ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. 'ಹೋದ ಸಲ ಇದರಲ್ಲೇ ಗಂಟಲು ವಾಸಿಯಾಯಿತು' ಅಂತ ನಾಲ್ಕು ಮಾತ್ರೆ ಎತ್ತಿಟ್ಟಿರುತ್ತಾರೆ. ನೆಗಡಿಯೂ, ಹೆಚ್ಚಿನ ಗಂಟಲುನೋವೂ ವೈರಸ್‌ನಿಂದ ಬರುತ್ತವೆ. ಆಂಟಿಬಯಾಟಿಕ್ ವೈರಸ್ ಮೇಲೆ ಕೆಲಸವೇ ಮಾಡುವುದಿಲ್ಲ. ಬ್ಯಾಕ್ಟೀರಿಯಾದಿಂದಲೇ ಬಂದಿದ್ದರೂ ಅರ್ಧಂಬರ್ಧ ಡೋಸ್ ಅವುಗಳಿಗೆ ತಾಲೀಮು ಕೊಟ್ಟ ಹಾಗೆ ಆಗುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಕಡಿಮೆ ಡೋಸ್ ತಿಂದರೆ ರೋಗಾಣು ಸಾಯುವುದಿಲ್ಲ, ಔಷಧಿಯನ್ನು ತಡೆದುಕೊಳ್ಳುವುದನ್ನು ಕಲಿಯುತ್ತದೆ ಅಂತ. ಮನೆಯ ಡಬ್ಬದಲ್ಲಿ ಆಂಟಿಬಯಾಟಿಕ್‌ಗೆ ಜಾಗ ಇಲ್ಲ. ಹಾಗೆಯೇ ಉಳಿದ ನಿದ್ದೆ ಮಾತ್ರೆ, ಆಪರೇಷನ್ ಆದಾಗ ಕೊಟ್ಟ ಜೋರು ನೋವಿನ ಮಾತ್ರೆ, ಹೆಸರು ಅಳಿಸಿಹೋದ ಚರ್ಮದ ಮುಲಾಮು, ಇವೂ ಹೊರಗೆ.

ಬಿಸಾಕುವುದು ಹೇಗೆ? ವಾಪಸ್ ತೆಗೆದುಕೊಳ್ಳುವ ಔಷಧಿ ಅಂಗಡಿ ಅಥವಾ ಆಸ್ಪತ್ರೆ ಹತ್ತಿರದಲ್ಲಿದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ತೆಗೆದು, ಮಣ್ಣು ಅಥವಾ ಅಡುಗೆಮನೆಯ ಕಸದ ಜೊತೆ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಹಾಗೆ ಕಲಸಿದರೆ ಮಕ್ಕಳಾಗಲಿ ನಾಯಿಯಾಗಲಿ ಬಾಯಿ ಹಾಕುವುದಿಲ್ಲ. ಕಮೋಡಿಗೆ, ಸಿಂಕಿಗೆ ಸುರಿಯಬೇಡಿ, ಅದು ನೀರಿಗೆ ಸೇರುತ್ತದೆ.

ಈಗ ನಿಮ್ಮ ಟೇಬಲ್ ಮೇಲೆ ಬಹಳ ಕಡಿಮೆ ಉಳಿದಿರುತ್ತದೆ. ಒಳ್ಳೆಯದೇ. ಅಲ್ಲಿಂದ ಶುರುಮಾಡೋಣ.

ಮೊದಲು ಜ್ವರ. ಆ ರಾತ್ರಿ ನಿಮಗೆ ಬೇಕಾಗಿದ್ದದ್ದು ಮೂರೇ ಮೂರು ವಸ್ತು. ಡಿಜಿಟಲ್ ಥರ್ಮಾಮೀಟರ್, ಮಕ್ಕಳ ಪ್ಯಾರಾಸಿಟಮಾಲ್ ಸಿರಪ್, ಅದನ್ನು ಅಳೆಯಲು 5 ಮಿ.ಲೀ. ಸಿರಿಂಜ್, ಸೂಜಿ ಇಲ್ಲದ್ದು. ಹಳೆಯ ಪಾದರಸದ ಥರ್ಮಾಮೀಟರ್ ಇದ್ದರೆ ಅದನ್ನು ಬಳಸುವುದು ಬಿಡಿ. ಒಡೆದರೆ ಪಾದರಸದ ಹೊಗೆ ಮಕ್ಕಳಿಗೆ ತುಂಬಾ ಕೆಟ್ಟದ್ದು. ಮಾಮೂಲಿ ಕಸಕ್ಕೂ ಹಾಕಬೇಡಿ, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಡಬೇಕು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ ಅಂತ ಲೆಕ್ಕ. ಆದರೆ ಔಷಧಿ ಕೊಡುವುದು ಆ ನಂಬರಿಗಲ್ಲ, ಮಗುವಿನ ಸಂಕಟಕ್ಕೆ. ಜ್ವರ ಇದ್ದೂ ಆಡಿಕೊಂಡು, ನೀರು ಕುಡಿದುಕೊಂಡು ಇದ್ದರೆ ಅವಸರ ಬೇಡ. ನಿದ್ದೆ ಹೋಗಿರುವ ಮಗುವನ್ನು ಔಷಧಿಗೋಸ್ಕರ ಎಬ್ಬಿಸುವುದೂ ಬೇಡ. ತಣ್ಣೀರು ಬಟ್ಟೆಯಲ್ಲಿ ಮೈಯೆಲ್ಲ ಒರೆಸಿದರೆ ಮಗು ನಡುಗುತ್ತದೆ, ಸಂಕಟ ಹೆಚ್ಚುತ್ತದೆ ಅಷ್ಟೇ.

ಮಕ್ಕಳ ಪ್ಯಾರಾಸಿಟಮಾಲ್ ಡೋಸ್ ವಯಸ್ಸಿಗಿಂತ ತೂಕದ ಮೇಲೆ ನೋಡುವುದು ಸರಿ. ಒಂದು ಕಿಲೋಗೆ 10 ರಿಂದ 15 ಮಿ.ಗ್ರಾಂ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ ಬಿಡಬೇಕು. 24 ಗಂಟೆಯಲ್ಲಿ ನಾಲ್ಕು ಡೋಸ್ ಮೀರಬಾರದು. ನಿಮ್ಮ ಮಗಳು 16 ಕಿಲೋ ಇದ್ದಾಳೆ ಅಂತ ಇಟ್ಟುಕೊಳ್ಳಿ. ಅವಳಿಗೆ ಒಂದು ಸಲಕ್ಕೆ 160 ರಿಂದ 240 ಮಿ.ಗ್ರಾಂ. ಬಾಟಲಿ ಮೇಲೆ '5 ಮಿ.ಲೀ.ನಲ್ಲಿ 250 ಮಿ.ಗ್ರಾಂ' ಅಂತ ಇದ್ದರೆ 4 ಮಿ.ಲೀ. ಸಾಕು, ಅದು 200 ಮಿ.ಗ್ರಾಂ ಆಗುತ್ತದೆ. '5 ಮಿ.ಲೀ.ನಲ್ಲಿ 120' ಅಂತ ಇದ್ದರೆ 8 ಮಿ.ಲೀ. ಬೇಕು. ಎರಡೂ ಬಾಟಲಿ ಒಂದೇ ಕಂಪನಿಯದು, ಒಂದೇ ಬಣ್ಣದ್ದು ಆಗಿರಬಹುದು. ಅದಕ್ಕೇ ಮನೆಯಲ್ಲಿ ಒಂದೇ ಬಗೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಒಬ್ಬ ತಾಯಿ ಎರಡು ಬಾಟಲಿ ಹಿಡಿದು ನಿಂತಿದ್ದರು. ಒಂದು ಮಗು ಹುಟ್ಟಿದ ಹೊಸದರಲ್ಲಿ ತಂದ ಡ್ರಾಪ್ಸ್, ಇನ್ನೊಂದು ಈಗಿನ ಸಿರಪ್. ಎರಡರ ಮೇಲೂ ಹೆಸರು ಒಂದೇ. ರಾತ್ರಿ ಸಿರಪ್ ಖಾಲಿಯಾಗಿತ್ತು, ಡ್ರಾಪ್ಸ್ ಬಾಟಲಿಯಿಂದ ಅದೇ ಅಳತೆಯಲ್ಲಿ 5 ಮಿ.ಲೀ. ಕೊಟ್ಟಿದ್ದರು. ಚಿಕ್ಕ ಬಾಟಲಿ ಅಂದರೆ ಔಷಧಿಯೂ ಸಪ್ಪೆ ಇರುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಇರುವುದು ಉಲ್ಟಾ. ಆ ಡ್ರಾಪ್ಸ್‌ನ ಒಂದೇ ಮಿ.ಲೀ.ನಲ್ಲಿ 100 ಮಿ.ಗ್ರಾಂ ಇತ್ತು. ಮಗುವಿನ ಹೊಟ್ಟೆಗೆ ಹೋಗಿದ್ದು 500 ಮಿ.ಗ್ರಾಂ, ದೊಡ್ಡವರ ಒಂದು ಮಾತ್ರೆಯಷ್ಟು. ಅದೊಂದೇ ಸಲ ಆದದ್ದರಿಂದ, ವೈದ್ಯರು ನೋಡಿ ಹೆದರಬೇಕಾಗಿಲ್ಲ ಅಂದರು. ಆ ತಾಯಿಯ ಕೈ ನಡುಗುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ. ತಪ್ಪು ಅವರದ್ದಲ್ಲ, ಮನೆಯಲ್ಲಿ ಉಳಿದುಕೊಂಡಿದ್ದ ಆ ಹಳೆಯ ಬಾಟಲಿಯದ್ದು.

ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಒಂದು ಚಮಚ 3 ಮಿ.ಲೀ. ಹಿಡಿಯುತ್ತದೆ, ಇನ್ನೊಂದು 7 ಹಿಡಿಯುತ್ತದೆ. ಸಿರಿಂಜ್‌ನಲ್ಲಾದರೆ ಗೆರೆ ಕಾಣುತ್ತದೆ. ಮಗುವನ್ನು ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಟ್ಟರೆ ಉಗುಳುವುದೂ ಕಡಿಮೆ.

ದೊಡ್ಡವರಿಗೆ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಒಂದು ಸ್ಟ್ರಿಪ್ ಸಾಕು. ಒಂದು ಸಲಕ್ಕೆ ಒಂದು ಮಾತ್ರೆ, ಜಾಸ್ತಿ ಅಂದರೆ ಎರಡು. ದಿನಕ್ಕೆ 4 ಗ್ರಾಂ, ಅಂದರೆ ಎಂಟು ಮಾತ್ರೆ ಕೊನೆಯ ಗಡಿ. 50 ಕಿಲೋಗಿಂತ ಕಡಿಮೆ ತೂಕದವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಆ ಗಡಿಯ ಹತ್ತಿರಕ್ಕೂ ಹೋಗಬಾರದು. ಇಲ್ಲಿ ಜನ ಎಡವುವುದು ನೆಗಡಿ ಮಾತ್ರೆಯಲ್ಲಿ. ಹೆಚ್ಚಿನ ನೆಗಡಿ ಮಾತ್ರೆಗಳ ಒಳಗೆ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಮೈಕೈ ನೋವಿಗೆ ಅಂತ ಒಂದು, ನೆಗಡಿಗೆ ಅಂತ ಒಂದು, ತಲೆನೋವಿಗೆ ಅಂತ ಇನ್ನೊಂದು ತಿಂದರೆ ಒಂದೇ ಔಷಧಿಯನ್ನು ಮೂರು ಸಲ ತಿಂದ ಹಾಗಾಯಿತು. ಲಿವರ್‌ಗೆ ಪೆಟ್ಟು ಬಿದ್ದರೆ ಮೊದಲ ದಿನ ಗೊತ್ತೂ ಆಗದೆ ಇರಬಹುದು, ಆರಾಮಾಗಿಯೇ ಇರುತ್ತಾರೆ. ಇದಕ್ಕೆ ಕೊಡುವ ಪ್ರತ್ಯೌಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಯೊಳಗೆ ಶುರುಮಾಡಿದರೆ. ಅದಕ್ಕೇ ಡೋಸ್ ಮೀರಿದೆ ಅನ್ನಿಸಿದರೆ ಲಕ್ಷಣಕ್ಕಾಗಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪೆಟ್ಟಿಗೆಯ ಮುಂಭಾಗದಲ್ಲಿ ದಪ್ಪಕ್ಕೆ ಬರೆದ ಬ್ರ್ಯಾಂಡ್ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣದಾಗಿ ಬರೆದ ಔಷಧಿಯ ಹೆಸರನ್ನು ಓದುವುದು ರೂಢಿಯಾದರೆ ಈ ತಪ್ಪು ಆಗುವುದಿಲ್ಲ.

ಐಬುಪ್ರೊಫೇನ್ ಬೇಕಾ? ನಿಮ್ಮಿಬ್ಬರಿಗೆ ಉಳುಕಿಗೆ, ಹಲ್ಲುನೋವಿಗೆ, ಮುಟ್ಟಿನ ನೋವಿಗೆ ಒಂದು ಸ್ಟ್ರಿಪ್ ಇರಲಿ. 200 ಮಿ.ಗ್ರಾಂನದು ಸಾಕು, ಊಟ ಆದಮೇಲೆ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ, ಹೃದ್ರೋಗ, ಬಸಿರು ಇದ್ದರೆ ಬೇಡ. ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ತಿನ್ನಬೇಡಿ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಬತ್ತಿದಾಗ ಬೇಡ. ಡೆಂಗಿ ಇರಬಹುದು ಅನ್ನಿಸುವ ಜ್ವರಕ್ಕಂತೂ ಬೇಡವೇ ಬೇಡ, ರಕ್ತ ಸೋರುವುದು ಹೆಚ್ಚಾಗುತ್ತದೆ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. ಅಪರೂಪಕ್ಕೆ ರೈಸ್ ಸಿಂಡ್ರೋಮ್ ಅಂತ ಮೆದುಳು, ಲಿವರ್ ಎರಡನ್ನೂ ಹಿಡಿಯುವ ಕಾಯಿಲೆ ಬರಬಹುದು.

ಎರಡನೆಯದು ಭೇದಿ. ಇಲ್ಲಿ ನಾನು ಓಆರ್‌ಎಸ್ ಪರವಾಗಿ ಎಷ್ಟು ಮಾತಾಡಿದರೂ ಕಡಿಮೆ. ಡಬ್ಬದಲ್ಲಿ ಬೇರೆ ಏನಿಲ್ಲದಿದ್ದರೂ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲೇಬೇಕು. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿದುಹೋಗುತ್ತಿತ್ತು. ಡಾ. ದಿಲೀಪ್ ಮಹಲನಬಿಸ್ ಅಲ್ಲಿ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಸುಮಾರು ಶೇಕಡ 30 ಇದ್ದ ಸಾವು ಶೇಕಡ 4ಕ್ಕೂ ಕೆಳಗೆ ಇಳಿಯಿತು. ಅದರ ಹಿಂದಿನ ಸಂಗತಿ ಸರಳ. ಭೇದಿಯಾಗುವಾಗ ಕರುಳು ಬರೀ ನೀರನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪಿನ ಸೋಡಿಯಂ ಅನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಆ ದಾರಿ ಕಾಲರಾದಲ್ಲೂ ತೆರೆದೇ ಇರುತ್ತದೆ.

ಅದಕ್ಕೇ ಅಳತೆ ಮುಖ್ಯ. ಒಂದು ಲೀಟರ್‌ನ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೇ ಪೂರ್ತಿ ಹಾಕಬೇಕು. ಸ್ವಲ್ಪ ಪುಡಿಯನ್ನು ಲೋಟಕ್ಕೆ ಅಂದಾಜಿನಲ್ಲಿ ಹಾಕಿ, ಉಳಿದದ್ದನ್ನು ಮಡಚಿ ಇಡುವುದನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಗಟ್ಟಿಯಾದರೆ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ತೆಳುವಾದರೆ ಉಪಯೋಗ ಇಲ್ಲ. ಕಲಸಿದ ಮೇಲೆ 24 ಗಂಟೆ ಮಾತ್ರ. ರುಚಿಗೆ ಅಂತ ಸಕ್ಕರೆ ಸೇರಿಸಬೇಡಿ. ಓಆರ್‌ಎಸ್ ತರಹವೇ ಕಾಣುವ ಸಿಹಿ ಪಾನೀಯದ ಪ್ಯಾಕೆಟ್‌ಗಳು ಇರುತ್ತವೆ, ಅವುಗಳಲ್ಲಿ ಸಕ್ಕರೆ ವಿಪರೀತ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿಯೇ ತನ್ನಿ. ಪೊಟ್ಟಣ ಸಿಗದ ಹೊತ್ತಿಗೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ನಿಮ್ಮ ಮಗಳ ವಯಸ್ಸಿಗೆ ಪ್ರತಿ ಸಲ ಭೇದಿಯಾದಾಗ 100 ರಿಂದ 200 ಮಿ.ಲೀ. ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದ ಹಾಗೆ ಮತ್ತೆ ಶುರುಮಾಡಿ. ಲೋಟ ಬಾಯಿಗಿಟ್ಟರೆ ವಾಂತಿ, ಚಮಚದಲ್ಲಿ ಕೊಟ್ಟರೆ ನಿಲ್ಲುತ್ತದೆ. ತಾಳ್ಮೆ ಬೇಕು, ಒಂದು ಗಂಟೆ ಕೂತಿರಬೇಕಾಗಬಹುದು. ಮಕ್ಕಳ ಭೇದಿಗೆ ಜಿಂಕ್ ಕೂಡ ಕೊಡುತ್ತಾರೆ, ದಿನಕ್ಕೆ 20 ಮಿ.ಗ್ರಾಂ, 10 ರಿಂದ 14 ದಿನ. ಅದನ್ನು ವೈದ್ಯರನ್ನು ಕೇಳಿ ಶುರುಮಾಡಿ, ಭೇದಿ ನಿಂತಿತು ಅಂತ ಮಧ್ಯದಲ್ಲಿ ಬಿಡಬೇಡಿ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಮಕ್ಕಳಿಗೆ ಕೊಡಬಾರದು. ದೊಡ್ಡವರಿಗೂ ಭೇದಿಯಲ್ಲಿ ರಕ್ತ ಇದ್ದರೆ, ಜೋರು ಜ್ವರ ಇದ್ದರೆ ಬೇಡ. ನನ್ನನ್ನು ಕೇಳಿದರೆ ಮಗು ಇರುವ ಮನೆಯಲ್ಲಿ ಅದನ್ನು ಇಡದಿರುವುದೇ ಸರಿ.

ಅಲರ್ಜಿ, ತುರಿಕೆ, ಹುಳ ಕಚ್ಚಿದ್ದಕ್ಕೆ ಸೆಟಿರಿಜಿನ್ ಇರಲಿ. ದೊಡ್ಡವರಿಗೆ 10 ಮಿ.ಗ್ರಾಂ ದಿನಕ್ಕೊಂದು. ಕೆಲವರಿಗೆ ನಿದ್ದೆ ಬರುತ್ತದೆ, ಗಾಡಿ ಓಡಿಸುವವರು ಎಚ್ಚರ. ಮಗಳಿಗೆ ಸಿರಪ್ ಎಷ್ಟು ಅಂತ ಮುಂದಿನ ಸಲ ಮಕ್ಕಳ ವೈದ್ಯರ ಹತ್ತಿರ ಹೋದಾಗ ಕೇಳಿ ಬಾಟಲಿ ಮೇಲೆ ಬರೆದಿಡಿ. ಮೇಲೆ ಹಚ್ಚಲು ಕ್ಯಾಲಮೈನ್ ಲೋಷನ್ ಸಾಕು. ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳನ್ನು ಸುಮ್ನೆ ಇಟ್ಟುಕೊಳ್ಳಬೇಡಿ. ಹುಳಕಡ್ಡಿಗೆ ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೊಳಗೇ ಅದು ಹರಡುತ್ತದೆ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ಆ ಕ್ಷಣ ಆಸ್ಪತ್ರೆಗೆ ಹೊರಡಬೇಕು.

ಎದೆಯುರಿಗೆ ಒಂದು ಆಂಟಾಸಿಡ್. ಅದರ ಜೊತೆಗೇ ಬೇರೆ ಮಾತ್ರೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ, ಕೆಲವು ಆಂಟಿಬಯಾಟಿಕ್ ಅದರ ಜೊತೆ ಸೇರಿದರೆ ಮೈಗೆ ಹತ್ತುವುದಿಲ್ಲ.

ನೆಗಡಿ, ಕೆಮ್ಮಿಗೆ ಏನು ಇಡಬೇಕು ಅಂತ ಕೇಳಿದರೆ ನನ್ನ ಉತ್ತರ ಕೇಳಿ ತುಂಬಾ ಜನರಿಗೆ ಬೇಸರವಾಗುತ್ತದೆ. ಉಪ್ಪುನೀರಿನ ಮೂಗಿನ ಡ್ರಾಪ್ಸ್ ಇಡಿ, ಅಷ್ಟೇ. ಚಿಕ್ಕ ಮಕ್ಕಳಿಗೆ ಕೆಮ್ಮಿನ ಸಿರಪ್‌ನಿಂದ ಲಾಭ ಕಡಿಮೆ, ಅಪಾಯ ಜಾಸ್ತಿ. ನಿಮ್ಮ ಮಗಳ ವಯಸ್ಸಿಗೆ ವೈದ್ಯರು ಬರೆದುಕೊಡದೆ ಬೇಡ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ರಾತ್ರಿ ಕೆಮ್ಮು ಕಡಿಮೆಯಾಗುತ್ತದೆ. ಒಂದು ವರ್ಷದ ಒಳಗೆ ಜೇನು ಕೊಡಲೇಬಾರದು, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಗೂಸಿಗೆ ವಿಷ. ಕಟ್ಟಿದ ಮೂಗು ಬಿಡಿಸುವ ಔಷಧಿಯ ಡ್ರಾಪ್ಸ್ ದೊಡ್ಡವರಿಗೆ ಮಾತ್ರ, ಅದೂ ಐದು ದಿನ ಮೀರದ ಹಾಗೆ. ಮೀರಿದರೆ ಆ ಡ್ರಾಪ್ಸ್ ಇಲ್ಲದೆ ಮೂಗು ಬಿಡುವುದೇ ಇಲ್ಲ ಅನ್ನುವ ಸ್ಥಿತಿಗೆ ಬರುತ್ತದೆ.

ಗಾಯಕ್ಕೆ ಬೇಕಾದವು ಹೆಚ್ಚಾಗಿ ಔಷಧಿಗಳೇ ಅಲ್ಲ. ಒಂದೊಂದಾಗಿ ಪ್ಯಾಕ್ ಆದ ಸ್ಟೆರೈಲ್ ಗಾಜ್ ಬಟ್ಟೆ, ಅಂಟುವ ಟೇಪ್, ಸಣ್ಣ ದೊಡ್ಡ ಪ್ಲಾಸ್ಟರ್, ಒಂದು ಕ್ರೇಪ್ ಬ್ಯಾಂಡೇಜ್, ಮೊಂಡು ತುದಿಯ ಕತ್ತರಿ, ಮುಳ್ಳು ತೆಗೆಯುವ ಚಿಮುಟ, ಎರಡು ಜೊತೆ ಗ್ಲೌಸ್. ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಡಬೇಡಿ, ಎಳೆ ಅಂಟಿಕೊಂಡು ಕೀಳುವಾಗ ಮತ್ತೆ ರಕ್ತ ಬರುತ್ತದೆ. ತರಚಿದ ಗಾಯವನ್ನು ನಲ್ಲಿಯ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದೇ ಮೊದಲ ಔಷಧಿ. ಆಮೇಲೆ ಬೇಕಾದರೆ ಪೊವಿಡೋನ್ ಅಯೋಡಿನ್. ಸ್ಪಿರಿಟ್ ಹಾಕಿದರೆ ಉರಿಯುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುರುಬುರು ನೊರೆ ಬಂದು ಏನೋ ಕೆಲಸ ಆಗುತ್ತಿದೆ ಅನ್ನಿಸುತ್ತದೆ, ಆದರೆ ಎರಡೂ ಗಾಯ ಮಾಯಿಸುವ ಜೀವಕೋಶಗಳನ್ನೂ ಕೊಲ್ಲುತ್ತವೆ. ರಕ್ತ ಬರುತ್ತಿದ್ದರೆ ಗಾಜ್ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ, ಗಡಿಯಾರ ನೋಡಿ.

ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಇಪ್ಪತ್ತು ನಿಮಿಷ ಅಂದರೆ ನಿಜವಾಗಿ ಇಪ್ಪತ್ತು. ಎಲ್ಲರೂ ಎರಡು ನಿಮಿಷಕ್ಕೆ ಕೈ ತೆಗೆದುಬಿಡುತ್ತಾರೆ. ಒಳಗಿನ ಬಿಸಿ ಅಷ್ಟು ಬೇಗ ಆರುವುದಿಲ್ಲ. ಉಂಗುರ, ವಾಚ್ ಮೊದಲೇ ಬಿಚ್ಚಿ, ಊದಿಕೊಂಡ ಮೇಲೆ ಬರುವುದಿಲ್ಲ. ಐಸ್, ಟೂತ್‌ಪೇಸ್ಟ್, ಎಣ್ಣೆ ಯಾವುದೂ ಬೇಡ. ಮುಖ, ಕೈ, ಕೀಲಿನ ಜಾಗ ಸುಟ್ಟಿದ್ದರೆ, ಅಥವಾ ಸುಟ್ಟದ್ದು ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ವೈದ್ಯರಿಗೆ ತೋರಿಸಿ.

ಡಬ್ಬ ಎಲ್ಲಿಡಬೇಕು? ಬಚ್ಚಲುಮನೆಯಿಂದ ಇವತ್ತೇ ಹೊರಗೆ ತನ್ನಿ. ದಿನಾ ಸ್ನಾನದ ಹಬೆ ತಾಗಿ ಮಾತ್ರೆ ಬೇಗ ಕೆಡುತ್ತದೆ. ಅಡುಗೆಮನೆಯ ಒಲೆ ಹತ್ತಿರವೂ ಬೇಡ. ಮಲಗುವ ಕೋಣೆಯ ಬೀರುವಿನ ಮೇಲಿನ ಖಾನೆ, ಬೀಗ ಇದ್ದರೆ ಇನ್ನೂ ಒಳ್ಳೆಯದು. ಎತ್ತರದಲ್ಲಿದ್ದರೆ ಸಾಲದು, ನಾಲ್ಕು ವರ್ಷದವರು ಕುರ್ಚಿ ಎಳೆದುಕೊಂಡು ಹತ್ತುತ್ತಾರೆ. ಸಿಹಿ ಸಿರಪ್ಪನ್ನು 'ಚಾಕಲೇಟ್' ಅಂತ ಪುಸಲಾಯಿಸಿ ಕುಡಿಸಬೇಡಿ, ಆಮೇಲೆ ಅವಳೇ ಹುಡುಕಿಕೊಂಡು ಹೋಗುತ್ತಾಳೆ. ಮಗು ಏನಾದರೂ ನುಂಗಿದೆ ಅಂತ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ. ಆ ಸ್ಟ್ರಿಪ್ ಅಥವಾ ಬಾಟಲಿಯನ್ನೇ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಈಗ ಅತ್ತೆಯವರ ವಿಷಯ. ಅವರ ಮಾತ್ರೆ ಈ ಡಬ್ಬದಲ್ಲಿ ಬೇಡ, ಬೇರೆ ಬಣ್ಣದ ಬೇರೆ ಡಬ್ಬ ಇರಲಿ. ಅದಕ್ಕೂ ಮಗುವಿನ ಕೈಗೆ ಸಿಗದ ಜಾಗವೇ ಬೇಕು. ಬಿಪಿ ಮಾತ್ರೆ ಒಂದೆರಡು ಮಗುವಿನ ಹೊಟ್ಟೆಗೆ ಹೋದರೂ ಅಪಾಯ, ಹಿರಿಯರ ಮಾತ್ರೆ ಸಾಮಾನ್ಯವಾಗಿ ದಿಂಬಿನ ಪಕ್ಕದಲ್ಲೇ ಇರುತ್ತದೆ. ಇನ್ನೊಂದು ಕಾರಣ, ನಿಮ್ಮ ಡಬ್ಬದ ಅರ್ಧ ಔಷಧಿ ಅವರಿಗೆ ಆಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಐಬುಪ್ರೊಫೇನ್, ಡೈಕ್ಲೋಫಿನಾಕ್ ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ನೋವಿಗೆ, ಜ್ವರಕ್ಕೆ ಅವರಿಗೆ ಪ್ಯಾರಾಸಿಟಮಾಲ್. ಅದೂ ಒಂದೆರಡು ದಿನಕ್ಕಿಂತ ಬೇಕಾದರೆ ವೈದ್ಯರಿಗೆ ತಿಳಿಸಿ. ಕಟ್ಟಿದ ಮೂಗಿಗೆ ಕೊಡುವ ಮಾತ್ರೆ, ಡ್ರಾಪ್ಸ್ ಬಿಪಿ ಏರಿಸುತ್ತವೆ. ನೀರಿನಲ್ಲಿ ಬುಸ್ಸೆಂದು ಕರಗುವ ಮಾತ್ರೆಯಲ್ಲಿ ಸೋಡಿಯಂ ಜಾಸ್ತಿ. ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಯಿಂದ ರಾತ್ರಿ ಎದ್ದಾಗ ತಲೆ ಸುತ್ತಿ ಬೀಳಬಹುದು. ಅವರು ಬಿದ್ದು ತಲೆಗೆ ಪೆಟ್ಟಾದರೆ, 'ಏನಿಲ್ಲ, ಆರಾಮಿದ್ದೀನಿ' ಅಂದರೂ ಕೇಳಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗೆ ನಿಧಾನವಾಗಿ ರಕ್ತ ಸೇರುತ್ತಿರಬಹುದು.

ಕೆಲವು ತೊಂದರೆಗೆ ಡಬ್ಬವನ್ನು ತೆರೆಯುವುದೇ ಬೇಡ. ಎದೆನೋವು, ಉಸಿರಾಟದ ಕಷ್ಟ, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ವಾಂತಿಯಲ್ಲಿ ರಕ್ತ, ಕತ್ತು ಬಗ್ಗಿಸಲಾಗದಂತಹ ಜ್ವರ. ಮಗು ಎಂಟು ಗಂಟೆಯಿಂದ ಮೂತ್ರ ಮಾಡಿಲ್ಲ, ಅತ್ತರೆ ಕಣ್ಣೀರು ಬರುತ್ತಿಲ್ಲ, ಎಬ್ಬಿಸಿದರೂ ಮಂಪರು ಅನ್ನುವುದೂ ಅದೇ ಸಾಲಿಗೆ. ಮೂರು ದಿನ ದಾಟಿದ ಜ್ವರವನ್ನು ವೈದ್ಯರು ನೋಡಲೇಬೇಕು. ಮೂರು ತಿಂಗಳ ಒಳಗಿನ ಕೂಸಿಗೆ ಜ್ವರ ಬಂದರೆ ಒಂದು ಗಂಟೆಯೂ ಕಾಯುವಂತಿಲ್ಲ.

ಕೊನೆಗೆ ಒಂದು ಬಿಳಿ ಹಾಳೆ, ದಪ್ಪ ಪೆನ್ನು. ಮಗಳ ತೂಕ, ತೂಕ ನೋಡಿದ ತಾರೀಖು, ನಿಮ್ಮ ಬಾಟಲಿಯ ಪ್ರಕಾರ ಎಷ್ಟು ಮಿ.ಲೀ. ಅಂತ ಬರೆದು ಡಬ್ಬದ ಮುಚ್ಚಳದ ಒಳಗೆ ಅಂಟಿಸಿ. ಮಗು ಬೆಳೆದ ಹಾಗೆ ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಿರಿ, ಆವತ್ತೇ ಎಕ್ಸ್‌ಪೈರಿಗಳನ್ನೂ ನೋಡಿಬಿಡಿ. ಪಕ್ಕದಲ್ಲಿ ಒಂದು ಚೀಟಿ ಪುಸ್ತಕ ಇರಲಿ. ಔಷಧಿ ಕೊಟ್ಟ ತಕ್ಷಣ ಗಂಟೆ ಬರೆದಿಟ್ಟರೆ, ನೀವು ಕೊಟ್ಟದ್ದು ಗೊತ್ತಿಲ್ಲದೆ ನಿಮ್ಮ ಗಂಡ ಇನ್ನೊಂದು ಸಲ ಕೊಡುವುದು ತಪ್ಪುತ್ತದೆ. ಹಾಳೆಯ ಕೆಳಗಿನ ಅರ್ಧದಲ್ಲಿ ಅತ್ತೆಯವರ ಮಾತ್ರೆಗಳ ಹೆಸರು, ಡೋಸ್, 'ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ' ಅನ್ನುವ ಸಾಲು, ಅವರ ವೈದ್ಯರ ಫೋನ್ ನಂಬರ್. ಆ ಭಾಗದ ಇನ್ನೊಂದು ಪ್ರತಿ ಮಾಡಿ ಅತ್ತೆಯವರ ಕೈಚೀಲದಲ್ಲೂ ಇಡಿ. ಅವರಿಗೆ ಏನಾದರೂ ಆಗುವ ಹೊತ್ತಿಗೆ ನೀವು ಮನೆಯಲ್ಲಿ ಇಲ್ಲದೆ ಇರಬಹುದು.